ಎರಡೂವರೆ ಅಡಿಯ ಹಾಸಿಗೆ

ಮೊನ್ನೆ ಕೈಚೀಲದ ತಳದಲ್ಲಿ ಪೆನ್ನು ಹುಡುಕುವಾಗ ಬೆರಳಿಗೆ ಪುಡಿಪುಡಿಯಾಗಿ ಏನೋ ಅಂಟಿತು. ತೆಗೆದು ನೋಡಿದರೆ ಗುಲಾಬಿ ಬಣ್ಣದ ಸೀಮೆಸುಣ್ಣದ ತುಂಡು, ಹೆಬ್ಬೆರಳ ಉಗುರಿನಷ್ಟು. ಗಣಿತ ಕಲಿಸುವವಳ ಚೀಲದಲ್ಲಿ ಸೀಮೆಸುಣ್ಣ ಸಿಗುವುದು ದೊಡ್ಡ ಸುದ್ದಿಯೇನಲ್ಲ ಎಂದು ನೀವು ಅನ್ನಬಹುದು. ಆದರೆ ನಮ್ಮ ಶಾಲೆಯಲ್ಲಿ ಕೊಡುವುದು ಬಿಳಿಯದು ಮಾತ್ರ. ಇದು ಸಿಂದಗಿಯ ಮೈಬೂಬ ಮಿಸ್ತ್ರಿಯದು. ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಅದೊಂದನ್ನು ಬರೆದಿಟ್ಟುಕೊಂಡಿಲ್ಲ. ಉಳಿದದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಚಟ ನನ್ನದು.

ಈ ಚಟ ಐದನೆಯ ಇಯತ್ತೆಯಲ್ಲಿ ಓದುವಾಗ ಹತ್ತಿತು. ಗೊಬ್ಬರದಂಗಡಿಯವರು ಅಪ್ಪನಿಗೆ ಕೊಟ್ಟಿದ್ದ ದಿನಚರಿ ಪುಸ್ತಕ ಮನೆಯಲ್ಲಿ ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂತು. ಅದರ ಮೊದಲ ಪುಟದಲ್ಲಿ ಇರುವುದು ಇಷ್ಟು: "ಮನೆಯಿಂದ ಶಾಲೆಗೆ ಆರುನೂರಾ ಹನ್ನೆರಡು ಹೆಜ್ಜೆ. ಶಾಲೆಯಿಂದ ಮನೆಗೆ ಐದುನೂರಾ ತೊಂಬತ್ತು. ಹಸಿವೆಯಾಗಿತ್ತು." ಆಮೇಲೆ ಕೈ ನಿಲ್ಲಲೇ ಇಲ್ಲ. ದಿನಕ್ಕೆ ಎಷ್ಟು ಸಲ ಕರೆಂಟು ಹೋಯಿತು, ನಮ್ಮ ಓಣಿಯ ಬೇವಿನ ಮರಕ್ಕೆ ಎಷ್ಟು ಗಿಳಿ ಬಂದವು, ಎಲ್ಲ ಅದರಲ್ಲಿದೆ. ಅಕ್ಕನ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಸರಿಯಾಗಿ ಮದುಮಗನಿಗೆ ಬಿಕ್ಕಳಿಕೆ ಹತ್ತಿತು. ಮನೆಯವರೆಲ್ಲ ಕಣ್ಣೀರು ಒರೆಸಿಕೊಳ್ಳುತ್ತಿದ್ದರೆ ನಾನು ಕಂಬಕ್ಕೆ ಒರಗಿ ಎಣಿಸುತ್ತಿದ್ದೆ. ಹದಿನಾಲ್ಕು. ಭಾವ ಈಗಲೂ ನನ್ನನ್ನು ಕಂಡರೆ ಸ್ವಲ್ಪ ಹುಷಾರಾಗಿ ಉಸಿರಾಡುತ್ತಾರೆ.

ಇಂಥ ನನ್ನನ್ನು ದೊಡ್ಡಪ್ಪ ತಮ್ಮ ಗಾಡಿಯ ಕೆಲಸಕ್ಕೆ ಗುಮಾಸ್ತಳನ್ನಾಗಿ ನೇಮಿಸಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಅಷ್ಟು ಬರೆದೂ ನನಗೆ ಒಂದು ದೊಡ್ಡ ವಿಷಯ ಕಾಣದೇ ಹೋಯಿತಲ್ಲ, ಆಶ್ಚರ್ಯ ಅದು.

ದೊಡ್ಡಪ್ಪ ಎಂದರೆ ನನ್ನ ಅಪ್ಪನ ಅಣ್ಣ. ಸರ್ಕಾರಿ ಬಸ್ಸಿನ ಚಾಲಕರಾಗಿದ್ದವರು. ದೊಡ್ಡವ್ವ, ಅವರ ಹೆಂಡತಿ ಕಸ್ತೂರಿ, ನಮ್ಮೂರು ಇಂಡಿಯ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದರು. ದೊಡ್ಡಪ್ಪನ ಬಸ್ಸು ಸಿಂದಗಿಯಿಂದ ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ ಹಿಡಿದು ಮುದ್ದೇಬಿಹಾಳಕ್ಕೆ ಹೋಗಿ, ಅದರಾಚೆ ಒಂದು ಹಳ್ಳಿಯಲ್ಲಿ ರಾತ್ರಿ ನಿಲ್ಲುತ್ತಿತ್ತು. ನಮ್ಮ ಕಡೆ ಇದಕ್ಕೆ ವಸ್ತಿ ಬಸ್ಸು ಅನ್ನುತ್ತಾರೆ. ಊಟ ಮುಗಿಸಿ, ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ ಕಂಬಳಿ ಹಾಸಿ ಮಲಗಿ, ಬೆಳಗಿನ ಜಾವ ಎದ್ದು ಅದೇ ದಾರಿಯಲ್ಲಿ ಮರಳುವುದು. ವಾರದ ರಜೆಗೆ ಮಾತ್ರ ಮನೆ. ಹೀಗೆ ಮೂವತ್ತು ವರ್ಷ.

ಶಾಲೆಯ ಸೂಟಿಯಲ್ಲಿ ಅವರು ನನ್ನನ್ನು ಒಂದೊಂದು ಸಲ ಬಸ್ಸಿಗೆ ಕರೆದೊಯ್ಯುತ್ತಿದ್ದರು. ಆಗ ಇಂಜಿನ್ನು ಚಾಲಕನ ಪಕ್ಕದಲ್ಲೇ, ಬಸ್ಸಿನೊಳಗೆ ಇರುತ್ತಿತ್ತು. ಅದರ ಮೇಲೆ ದಪ್ಪ ಮುಚ್ಚಳ, ಮುಚ್ಚಳದ ಮೇಲೆ ಗೋಣಿತಾಟು, ಗೋಣಿತಾಟಿನ ಮೇಲೆ ನಾನು. ಕೆಳಗಿನಿಂದ ಬಿಸಿ ಏರುತ್ತಿತ್ತು. ಎಲ್ಲೋ ನಿಂಬೆಹಣ್ಣಿನ ಚೀಲವೊಂದು ಒತ್ತಿ ಒಡೆದು ಬಸ್ಸಿಗೆಲ್ಲ ವಾಸನೆ ಹಬ್ಬಿರುತ್ತಿತ್ತು. ಎದುರಿನ ಗಾಜಿನಲ್ಲಿ ಕರಿಮಣ್ಣಿನ ಬಯಲು ನಡುವೆ ಸೀಳಿಕೊಂಡು ಎರಡೂ ಬದಿಗೆ ಸರಿಯುತ್ತಿತ್ತು. ಜೋಳ, ಕಡಲೆ, ಮತ್ತೆ ಜೋಳ, ದೂರದಲ್ಲಿ ಒಂದೇ ಒಂದು ಮರ, ಅದು ಬಹಳ ಹೊತ್ತು ಬಂದೇ ಬಾರದು, ಬಂದದ್ದು ಗೊತ್ತಾಗುವ ಮೊದಲೇ ಹೋಗಿಬಿಟ್ಟಿರುತ್ತಿತ್ತು. ನಾನು ನಿಲ್ದಾಣಗಳನ್ನು ಎಣಿಸಬೇಕೆಂದು ಕೂತವಳು ಪ್ರತಿಸಲವೂ ಒಂಬತ್ತೋ ಹತ್ತೋ ಆಗುವಷ್ಟರಲ್ಲಿ ತೂಕಡಿಸುತ್ತಿದ್ದೆ. ನನ್ನ ದಿನಚರಿಗಳಲ್ಲೆಲ್ಲ ಪೂರ್ತಿಯಾಗದ ಎಣಿಕೆ ಅದೊಂದೇ. ನಿದ್ದೆಗಣ್ಣಿನಲ್ಲಿ ಊರುಗಳ ಹೆಸರು ಮಾತ್ರ ಕಿವಿಗೆ ಬೀಳುತ್ತಿದ್ದವು, ಕಂಡಕ್ಟರನ ದನಿಯಲ್ಲಿ, ನೀರಿನೊಳಗಿಂದ ಬಂದಂತೆ.

ಈ ಗಂಡಹೆಂಡಿರ ಸಂಸಾರ ನಡೆದದ್ದು ಹೆಚ್ಚಾಗಿ ಒಂದು ಬುತ್ತಿ ಡಬ್ಬಿಯ ಮೂಲಕ. ಬೆಳಿಗ್ಗೆ ದೊಡ್ಡವ್ವ ರೊಟ್ಟಿ, ಪಲ್ಯ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿದ ಡಬ್ಬಿಯನ್ನು ಇಂಡಿ ಬಸ್‌ಸ್ಟ್ಯಾಂಡಿಗೆ ಒಯ್ದು ಸಿಂದಗಿ ಬಸ್ಸಿನ ಚಾಲಕನ ಕೈಗೆ ಕೊಡುವುದು. ಸಿಂದಗಿಯಲ್ಲಿ ಎರಡು ಬಸ್ಸು ಕೂಡಿದಾಗ ಅದು ದೊಡ್ಡಪ್ಪನ ಕೈಗೆ ಸೇರುವುದು. ನಿನ್ನೆಯ ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ಇಂಡಿಗೆ ಬರುವುದು. ಶಾಲೆಗೆ ಹೋಗುವ ದಾರಿಯಲ್ಲಿ ದೊಡ್ಡವ್ವನ ಬೆರಳು ಹಿಡಿದು ನಾನೂ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಡಬ್ಬಿಗೆ ಸುತ್ತಿದ ಕೆಂಪು ವಸ್ತ್ರದ ಗಂಟು ನೋಡಿಯೇ ಇದು ಯಾರ ಮನೆಯದೆಂದು ಎಲ್ಲ ಚಾಲಕರಿಗೂ ಗೊತ್ತು.

ನಾನು ಲೆಕ್ಕ ಇಟ್ಟಂದಿನಿಂದ ಆ ಡಬ್ಬಿ ದಾರಿ ತಪ್ಪಿದ್ದು ಒಂದೇ ಸಲ. ಯಾರೋ ಹೊಸ ಚಾಲಕ ಕೊಡಲು ಮರೆತು ಅದು ಎತ್ತಲೋ ಹೊರಟುಹೋಯಿತು. ನಾಲ್ಕನೆಯ ದಿನ ತಾನಾಗಿ ಮನೆಗೆ ಬಂತು. ಒಳಗಿನ ಊಟ ಯಾರೋ ಉಂಡಿದ್ದರು; ಉಂಡವರು ಡಬ್ಬಿಯನ್ನು ಬೂದಿ ಹಚ್ಚಿ ಬೆಳ್ಳಗೆ ತಿಕ್ಕಿ, ಖಾಲಿ ಕೊಡಬಾರದೆಂದು ಒಂದು ಬೊಗಸೆ ಹುರಿದ ಶೇಂಗಾ ಹಾಕಿ ಕಳಿಸಿದ್ದರು. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ದೊಡ್ಡವ್ವ ಆ ಶೇಂಗಾವನ್ನು ನಮ್ಮೆಲ್ಲರಿಗೂ ಹಂಚಿದರು. ನನಗೆ ಹನ್ನೊಂದು ಬಂದವು.

ಎಲ್ಲಿಂದ ಎಲ್ಲಿಗೋ ಬಂದೆ. ಗಾಡಿಯ ವಿಷಯ ಹೇಳಬೇಕಿತ್ತು.

ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಮೊದಲ ಕೆಲವು ತಿಂಗಳು ದೊಡ್ಡಪ್ಪ ಮನೆಯಲ್ಲಿ ಬೀಗರ ಹಾಗೆ ಇದ್ದರು. ಸಕ್ಕರೆ ಎಲ್ಲಿದೆ, ಚಾದರ ಎಲ್ಲಿದೆ ಎಂದು ಕೇಳಿ ಕೇಳಿ ಓಡಾಡುತ್ತಿದ್ದರು. ಆಮೇಲೆ ಫೋನಿನಲ್ಲಿ ಯಾರೋ ಗಾಡಿಯೊಳಗೇ ಮನೆ ಮಾಡಿಕೊಂಡು ಊರೂರು ತಿರುಗುವ ವಿಡಿಯೋ ನೋಡಿದರು. ಒಂದು ನೋಡಿದವರು ಹತ್ತು ನೋಡಿದರು. ಕೊನೆಗೊಂದು ದಿನ ಹಳೆಯದೊಂದು ಮಿನಿಬಸ್ಸು ತಂದು ನಮ್ಮ ಓಣಿಯ ಬಾಯಲ್ಲಿ ನಿಲ್ಲಿಸಿ, ಹಾರ್ನು ಹೊಡೆದು, ದೊಡ್ಡವ್ವನಿಗೆ ಹೇಳಿದರು: "ಕಸ್ತೂರಿ, ನಿವೃತ್ತಿ ಆದಮ್ಯಾಗ ತಿರುಗಾಡಸ್ತೇನಿ ಅಂದಿದ್ನಿಲ್ಲ, ನೋಡು."

ದೊಡ್ಡವ್ವ ಬಾಗಿಲಲ್ಲಿ ನಿಂತು ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದರು. ಹೊಸ ಹುಡುಗಿಯನ್ನು ಕ್ಲಾಸಿಗೆ ಸೇರಿಸಿಕೊಳ್ಳುವ ಮುನ್ನ ನೋಡುವ ಹಾಗೆ. ಅರಿಸಿನ ಕುಂಕುಮ ತಂದು ಗಾಡಿಯ ಹಣೆಗೆ ಹಚ್ಚಿದರು. ಒಪ್ಪಿದರು ಎಂದು ನಾನು ಬರೆದುಕೊಂಡೆ.

ಆ ನಂತರದ ದಿನಗಳಷ್ಟು ಸುಖವಾಗಿ ನನ್ನ ಪೆನ್ನು ಎಂದೂ ಓಡಿದ್ದಿಲ್ಲ. ನಿರ್ಧಾರ ಮಾಡಬೇಕಾದ ಸಂಗತಿಗಳು ದಿನಕ್ಕೆ ಐದಾರು ಹುಟ್ಟುತ್ತಿದ್ದವು. ನೀರಿನ ಟಾಕಿ ಎಷ್ಟು ಕೊಡದ್ದು. ಸಣ್ಣ ಗ್ಯಾಸ್ ಸಿಲಿಂಡರ್ ಒಳಗಿರಬೇಕೋ ಹೊರಗೋ. ದೇವರು ಚಾಲಕನ ಮುಂದಿರಬೇಕೋ ಅಡಿಗೆಯ ಹತ್ತಿರವೋ. ರೊಟ್ಟಿ ದಿನಾ ಬಡಿಯಬೇಕೋ, ಒಣಗಿಸಿದ ಕಡಕ್ ರೊಟ್ಟಿ ಒಯ್ಯಬೇಕೋ ಎಂಬುದೇ ಮೂರು ದಿನದ ಚರ್ಚೆ. ಒಳಗೆ ರೊಟ್ಟಿ ಬಡಿದರೆ ಗಾಡಿ ಅಲ್ಲಾಡಿ ಕೆಳಗೆ ಕೊಟ್ಟ ಜ್ಯಾಕ್ ಜಾರಬಹುದೆಂದು ದೊಡ್ಡಪ್ಪ ಗಂಭೀರವಾಗಿ ಹೇಳಿದರು. ನಿಮ್ಮ ಬಸ್ಸಿನಲ್ಲಿ ತೊಂಬತ್ತು ಮಂದಿ ಏರಿದಾಗ ಜಾರದ ಗಾಡಿ ನನ್ನ ಒಂದು ರೊಟ್ಟಿಗೆ ಜಾರುತ್ತದೆಯೇ ಎಂದು ದೊಡ್ಡವ್ವ ಕೇಳಿದರು. ಆದರೂ ಕಡಕ್ ರೊಟ್ಟಿ ಗೆದ್ದಿತು. ಅರವತ್ತು ಎಂದು ಬರೆದೆ. ತುಳಸಿಗೆ ನೀರು ಹಾಕುವುದು ನನ್ನ ಪಾಲಿಗೆ. ಮೊಸರಿನ ಹೆಪ್ಪು ಮಾತ್ರ ಹೊರ್ತಿಯಲ್ಲಿರುವ ಅವರ ಮಗಳ ಮನೆಗೆ ಹೋಗಬೇಕೆಂದು ಆಯಿತು. ಆ ಹೆಪ್ಪು ದೊಡ್ಡವ್ವನ ಅತ್ತೆಯ ಕಾಲದಿಂದ ಒಂದು ದಿನವೂ ಸತ್ತಿಲ್ಲವಂತೆ. ನನ್ನ ಕೈಗೆ ಕೊಡುವ ಧೈರ್ಯ ಅವರಿಗಿರಲಿಲ್ಲ.

ಮೊದಲ ಸುತ್ತು ನಮ್ಮ ನಾಲ್ಕು ತಾಲೂಕಿನೊಳಗೇ, ನಾಲ್ಕು ದಿನ, ಗಾಡಿ ಹೇಗೆ ನಡೆಯುತ್ತದೆಂದು ನೋಡಲಿಕ್ಕೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಬರುವಾಗ ಕೊಲ್ಹಾರದ ಹಿನ್ನೀರು. ದೊಡ್ಡಪ್ಪ ಹಳೆಯ ಡ್ಯೂಟಿ ಚಾರ್ಟಿನ ಬೆನ್ನಿಗೆ ವೇಳಾಪಟ್ಟಿ ಬರೆದರು. ದೊಡ್ಡವ್ವ ಅದನ್ನು ತಮ್ಮ ಕನ್ನಡಕದಲ್ಲಿ ಬಹಳ ಹೊತ್ತು ಓದಿದರು. ಯಾವ ಊರನ್ನು ಎಷ್ಟು ಗಂಟೆಗೆ ಮುಟ್ಟುವುದು, ಆ ಊರಿಗೆ ಇಂಡಿಯಿಂದ ಬೆಳಿಗ್ಗೆ ಯಾವ ಬಸ್ಸು ಹೋಗುತ್ತದೆ ಎಂದು ಒಂದೊಂದಾಗಿ ಕೇಳಿದರು. ಅವರ ಆಸಕ್ತಿ ಕಂಡು ದೊಡ್ಡಪ್ಪ ಹಿಗ್ಗಿದರು. ನಾನೂ ಹಿಗ್ಗಿ ಬಸ್ಸಿನ ಸಮಯಗಳನ್ನೆಲ್ಲ ಇನ್ನೊಂದು ಹಾಳೆಗೆ ಚೆಂದವಾಗಿ ಗೆರೆ ಹಾಕಿ ಇಳಿಸಿಕೊಟ್ಟೆ. ಸ್ವಂತ ಗಾಡಿಯಲ್ಲಿ ಹೋಗುವವರಿಗೆ ಬಸ್ಸಿನ ಸಮಯ ಯಾಕೆ ಬೇಕು ಎಂದು ನನಗಾಗಲಿ ದೊಡ್ಡಪ್ಪನಿಗಾಗಲಿ ಹೊಳೆಯಲಿಲ್ಲ.

ಗಾಡಿಯ ಒಳಗಿನ ಕೆಲಸ ಸಿಂದಗಿಯ ಮೈಬೂಬ ಮಿಸ್ತ್ರಿಗೆ. ಬಸ್ಸುಗಳ ಮೈ ಕಟ್ಟುವುದರಲ್ಲೇ ಕೂದಲು ಬೆಳ್ಳಗಾದವರು, ದೊಡ್ಡಪ್ಪನ ಹಳೆಯ ಗೆಳೆಯರು. ಹಾಸಿಗೆಯ ಅಳತೆಯ ದಿನ ನಾನೂ ಇದ್ದೆ. ಭಾನುವಾರ, ಶಾಲೆಗೆ ರಜೆ. ಅಳತೆ ಹೇಗೆ ಎಂದು ಮಿಸ್ತ್ರಿ ಕೇಳಿದ್ದಕ್ಕೆ ದೊಡ್ಡಪ್ಪ ಚಪ್ಪಲಿ ಬಿಟ್ಟು ಗಾಡಿಯ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ಎಡಗೈ ತಲೆಯ ಕೆಳಗೆ, ಬಲಗೈ ಎದೆಯ ಮೇಲೆ. ವಸ್ತಿ ಬಸ್ಸಿನ ಸೀಟಿನ ಮೇಲೆ ಮಲಗುತ್ತಿದ್ದುದು ಹೀಗೇ ಅಂತೆ. ಮಿಸ್ತ್ರಿ ಕುಕ್ಕರಗಾಲಲ್ಲಿ ಕೂತು ಅವರ ಸುತ್ತ ಗುಲಾಬಿ ಗೆರೆ ಎಳೆದರು. ಉದ್ದ ಆರು ಅಡಿ ಒಂದು ಇಂಚು, ಅಗಲ ಎರಡೂವರೆ ಅಡಿ. ಅಗಲ ಸಾಲದೇನೋ ಎಂದು ಮಿಸ್ತ್ರಿ ಒಮ್ಮೆ ಅಂದದ್ದೂ ಉಂಟು. "ಮೂವತ್ತು ವರ್ಷ ಇದರಾಗ ಮಕ್ಕೊಂಡೇನಿ, ಸಾಕಾಗ್ತೈತಿ ಹಚ್ಚು" ಎಂದರು ದೊಡ್ಡಪ್ಪ, ಮಲಗಿದಲ್ಲಿಂದಲೇ. ನಾನು ಅಳತೆಯನ್ನು ಎರಡು ಸಲ ಓದಿ ಹೇಳಿಸಿ, ಮೂರನೆಯ ಸಲ ಶಾಯಿಯಲ್ಲಿ ಬರೆದುಕೊಂಡೆ. ನಾವು ಮೂವರೂ ಕೂಡಿ ತೆಗೆದ ಅಳತೆ ನೂಲಿನೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

ಕೆಲಸ ಮುಕ್ಕಾಲು ಮುಗಿದಾಗ ದೊಡ್ಡವ್ವನನ್ನು ಕರೆದುಕೊಂಡು ಹೋದೆವು. ಅವರು ಇಳಕಲ್ಲ ಸೀರೆ ಉಟ್ಟಿದ್ದರು. ಗಾಡಿ ಏರಿ, ಒಲೆಯ ಕಟ್ಟೆಯ ಮೇಲೆ ಅಂಗೈ ಆಡಿಸಿದರು, ನಲ್ಲಿ ತಿರುವಿ ನೋಡಿದರು, ಕಪಾಟಿನ ಬಾಗಿಲು ತೆಗೆದು ಮುಚ್ಚಿದರು. ಒಂದೊಂದಕ್ಕೂ ದೊಡ್ಡಪ್ಪ ವಿವರಣೆ ಕೊಡುತ್ತ ಹಿಂದೆಯೇ ಇದ್ದರು. ಕೊನೆಗೆ ಹಾಸಿಗೆಯ ಹಲಗೆಯ ಮೇಲೆ ಕೂತರು. ಕೂತು ಎಡಗಡೆ ನೋಡಿದರು, ಬಲಗಡೆ ನೋಡಿದರು. ಅಗಲ ಎಷ್ಟೆಂದು ನನ್ನನ್ನು ಕೇಳಿದರು. ನಾನು ಪುಸ್ತಕ ತೆಗೆಯದೆಯೇ ಎರಡೂವರೆ ಅಡಿ ಎಂದೆ, ಹೆಮ್ಮೆಯಿಂದ. ಕೇಳದಿದ್ದರೂ ಉದ್ದವನ್ನೂ ಹೇಳಿದೆ.

ದೊಡ್ಡವ್ವ ತಲೆಯಾಡಿಸಿದರು. ಆಮೇಲೆ ಗಂಡನ ಕಡೆ ನೋಡಿ, ಶಾಲೆಯಲ್ಲಿ ಹಾಜರಿ ಕರೆಯುವಷ್ಟೇ ಸಮಾಧಾನದಲ್ಲಿ ಕೇಳಿದರು: "ನಾ ಎಲ್ಲಿ ಮಕ್ಕೋಬೇಕ್ರಿ?"

ಹೊರಗೆ ಮಿಸ್ತ್ರಿಯ ಯಂತ್ರ ನಿಂತಿತು. ದೊಡ್ಡಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಅವರು ಹಾಸಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ನಾನು ನನ್ನ ಪುಸ್ತಕ ನೋಡಿದೆ. ಅವರು ಸುಳ್ಳು ಹೇಳಿರಲಿಲ್ಲ ನೋಡಿ. ಹೆಂಡತಿಯನ್ನು ತಿರುಗಾಡಿಸುತ್ತೇನೆ ಎಂದದ್ದು ನಿಜವೇ. ಮಲಗುವುದನ್ನು ಮಾತ್ರ ಅವರ ಮೈ ಇನ್ನೊಂದು ರೀತಿ ಕಲಿತುಬಿಟ್ಟಿತ್ತು. ದೊಡ್ಡವ್ವ ಎದ್ದು, ಸೀರೆಗೆ ಹತ್ತಿದ ಕಟ್ಟಿಗೆಯ ಹೊಟ್ಟು ಝಾಡಿಸಿಕೊಂಡು, ಮಿಸ್ತ್ರಿಗೆ ಕೆಲಸ ಭಾಳ ನಾಜೂಕಾಗಿದೆ ಎಂದು ಹೇಳಿ, ಇಂಡಿ ಬಸ್ಸಿಗೆ ಹೊತ್ತಾಯಿತೆಂದು ಇಳಿದು ನಡೆದರು. ನಾನು ಅವರ ಹಿಂದೆ ಓಡಿದೆ.

ಬಸ್ಸಿನಲ್ಲಿ ಅವರು ಕಿಟಕಿಯ ಹತ್ತಿರ ಕೂತರು. ಇಳಿಬಿಸಿಲು ಜೋಳದ ಮೇಲೆ ಮಲಗಿತ್ತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದವರು, ಸಾಮಾನಿನ ಯಾದಿ ಚೀಲದಲ್ಲಿದೆಯೇ ಎಂದು ಕೇಳಿದರು. ಯಾದಿ ಎಂದರೆ ಅವರು ವಾರಗಟ್ಟಲೆ ಹೇಳಿ ನಾನು ಬರೆದ ಪಟ್ಟಿ, ಎಂಬತ್ತಮೂರು ಬಾಬು. ಓದು ಎಂದರು. ಓದಿದೆ. ದೊಡ್ಡಪ್ಪನ ಬನಿಯನ್ನು ಆರು. ಧೋತರ ಮೂರು. ಬಿ.ಪಿ. ಗುಳಿಗೆ ಒಂದು ತಿಂಗಳದ್ದು. ಸ್ವೆಟರು ಒಂದು. ಊಟದ ಗಂಗಾಳ ಒಂದು. ಚಹಾದ ಕಪ್ಪು ಒಂದು. ಬಸ್ಸಿನ ಸದ್ದಿನಲ್ಲಿ ನಾನು ಪಾಠ ಒಪ್ಪಿಸುವ ದನಿಯಲ್ಲಿ ಓದುತ್ತ ನಲವತ್ತಕ್ಕೆ ಬಂದಿದ್ದೆ.

"ನನ್ನ ಸೀರಿ ಎಷ್ಟು ಬರದೀ?" ಎಂದರು.

ಹುಡುಕಿದೆ. ಇರಲಿಲ್ಲ. ಅವರ ಕನ್ನಡಕದ ಡಬ್ಬಿ ಇರಲಿಲ್ಲ, ಮೊಣಕಾಲಿನ ಎಣ್ಣೆ ಇರಲಿಲ್ಲ, ಎರಡನೆಯ ಗಂಗಾಳ ಇರಲಿಲ್ಲ. ಎಂಬತ್ತಮೂರರಲ್ಲಿ ಅವರದೆನ್ನುವ ಒಂದು ಹಣಿಗೆಯೂ ಇರಲಿಲ್ಲ. ಬಸ್ಸಿನ ಸಮಯಗಳ ಹಾಳೆ ಮಾತ್ರ ಪಟ್ಟಿಯ ಹಿಂದೆ ಮಡಚಿ ಕೂತಿತ್ತು, ಚೆಂದದ ಗೆರೆಗಳ ಸಮೇತ. ಆಗ ನನಗೆ ತಿಳಿಯಿತು. ತಮಗೇ ಅರಿವಿಲ್ಲದೆ ಅವರು ಬುತ್ತಿ ಕಳಿಸುವ ದಾರಿ ನೋಡುತ್ತಿದ್ದರು. ಗಾಡಿ ಬಾಗೇವಾಡಿಯಲ್ಲಿದ್ದರೆ ಯಾವ ಬಸ್ಸು, ಮುದ್ದೇಬಿಹಾಳದಲ್ಲಿದ್ದರೆ ಯಾವುದು.

ದೊಡ್ಡವ್ವ ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವ ಹಾಗೆ. ನಾನೂ ನಗಬೇಕೆಂದು ಹೊರಟೆ, ಅಷ್ಟರಲ್ಲಿ ಅವರ ನಗು ನಿಂತಿತ್ತು.

"ಅವ್ರನ್ನ ಏನ್ ಅನ್ನೂದು, ವಿದ್ಯಾ. ನಾನೂ ನನ್ನ ಬಿಟ್ಟೇ ಗಂಟು ಕಟ್ಟೇನಿ" ಎಂದರು. ಕಿಟಕಿಯ ಕಡೆ ತಿರುಗಿ ಮತ್ತೆ: "ನನಗ ಹೋಗೂ ಮನಸ್ಸು ಐತೋ ಇಲ್ಲೋ, ಯಾರೂ ಕೇಳಿಲ್ಲ. ನಾನೂ ಕೇಳ್ಕೊಂಡಿಲ್ಲ."

ನಾನು ಎಂಬತ್ತನಾಲ್ಕು ಎಂದು ಬರೆದು ಮುಂದೆ ಏನು ಬರೆಯಬೇಕೋ ತಿಳಿಯದೆ ಪೆನ್ನು ಮುಚ್ಚಿದೆ.

ಆಮೇಲೆ ಒಂಬತ್ತು ದಿನ ಅವರು ಗಾಡಿಯ ಹೆಸರೆತ್ತಲಿಲ್ಲ. ಸಿಟ್ಟೂ ಇರಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಚಹಾ ಹಿಡಿದು ಕೂತು, ಬಸ್‌ಸ್ಟ್ಯಾಂಡಿನ ಕಡೆಯಿಂದ ಬರುವ ಸದ್ದಿನಲ್ಲೇ ಇದು ಯಾವ ಊರಿನ ಬಸ್ಸೆಂದು ಗುರುತು ಹಿಡಿಯುವುದು ಅವರ ಹಳೆಯ ರೂಢಿ. ಅದನ್ನು ಮಾಡುತ್ತಲೇ ಇದ್ದರು. ಒಬ್ಬರೇ ಇದ್ದು ಇದ್ದು ಅವರೂ ಎಷ್ಟೋ ಸಣ್ಣ ಸುಖಗಳನ್ನು ಕೂಡಿಹಾಕಿಕೊಂಡಿದ್ದರು. ಬೇಕೆಂದಾಗ ದೀಪ ಆರಿಸುವುದು, ಬೇಕೆನಿಸಿದರೆ ಬರೀ ಮಂಡಕ್ಕಿ ತಿಂದು ಮಲಗುವುದು. ಅದನ್ನೆಲ್ಲ ಬಿಟ್ಟು ಒಂದು ತಗಡಿನ ಕೋಣೆಯಲ್ಲಿ ಈ ಮನುಷ್ಯನ ಜೊತೆ ಇಪ್ಪತ್ತನಾಲ್ಕು ತಾಸು ಇರಬೇಕು. ಮದುವೆಯಾಗಿ ಮೂವತ್ತೆರಡು ವರ್ಷವಾಗಿದ್ದ ಅವರಿಗೆ ಇದು ಹೊಸ ಸಂಬಂಧವೇ.

ದೊಡ್ಡಪ್ಪನದು ಬೇರೆ ಅವಸ್ಥೆ. ದಿನಕ್ಕೊಂದು ನಕ್ಷೆ ಬರೆದು ನನಗೆ ತೋರಿಸುವರು. ಹಾಸಿಗೆ ಐದು ಅಡಿ ಮಾಡಿದರೆ ಅಡಿಗೆಯ ಕಟ್ಟೆ ಹೋಗುತ್ತದೆ. ರೈಲಿನ ಹಾಗೆ ಮೇಲೊಂದು ಕೆಳಗೊಂದು ಮಾಡಿದರೆ ಹತ್ತಲು ಇಬ್ಬರ ಮೊಣಕಾಲೂ ಕೇಳುವುದಿಲ್ಲ. ಎರಡು ಬದಿಗೆ ಎರಡು ಮಾಡಿದರೆ ನಡುವೆ ಉಳಿಯುವುದು ಒಂದೇ ಅಡಿ. ನಕ್ಷೆಯನ್ನು ದೊಡ್ಡವ್ವನಿಗೆ ನೀವೇ ತೋರಿಸಿರಿ ಎಂದರೆ, ನೀನೇ ತೋರಿಸು ಎನ್ನುವರು. ನಾನು ಒಯ್ದು ತೋರಿಸಿದರೆ ದೊಡ್ಡವ್ವ ನೋಡಿ, ಚೆಂದ ತೆಗೆದಾರ ಎಂದು ಮರಳಿ ಕೊಡುವರು. ಹೀಗೆ ಆರು ನಕ್ಷೆ ಹೋದವು, ಆರು ಬಂದವು. ಇಬ್ಬರ ನಡುವೆ ಓಡಾಡುವ ಡಬ್ಬಿಯ ಕೆಲಸ ಈಗ ನನ್ನ ಪಾಲಿಗೆ ಬಂದಿತ್ತು, ಕೆಂಪು ವಸ್ತ್ರ ಒಂದಿರಲಿಲ್ಲ. ಗಾಡಿ ಮಾರಿಬಿಡುತ್ತೇನೆ ಎಂದು ಏಳನೆಯ ದಿನ ದೊಡ್ಡಪ್ಪ ಅಪ್ಪನ ಮುಂದೆ ಅಂದರಂತೆ.

ಹತ್ತನೆಯ ದಿನ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ನಾನು ಶಾಲೆಗೆ ಹೊರಟಾಗ, ಅವರು ನಮ್ಮ ಬಾಗಿಲಿಗೆ ಬಂದರು. ಹಳೆಯ ನೂಲಿನ ಸೀರೆ, ಕೈಯಲ್ಲಿ ಕೊಡೆ. "ಸಾಲಿಗಿ ಇವತ್ತ ಬರೂದಿಲ್ಲಂತ ಹೇಳು. ಸಿಂದಗಿಗಿ ಹೋಗೂಣು ನಡಿ" ಎಂದರು. ಕೆಲಸಕ್ಕೆ ಸೇರಿದ ಮೇಲೆ ನಾನು ಹಾಕಿದ ಮೊದಲ ರಜೆ ಅದು.

ದೊಡ್ಡಪ್ಪ ಅಲ್ಲೇ ಇದ್ದರು, ಮಿಸ್ತ್ರಿಯ ಅಂಗಡಿಯ ಬೇವಿನ ನೆರಳಲ್ಲಿ. ಹೆಂಡತಿಯನ್ನು ಕಂಡು ಎದ್ದು ನಿಂತರು. ಡಿಪೋದಲ್ಲಿ ಸಾಹೇಬರು ಬಂದಾಗ ಏಳುತ್ತಿದ್ದ ಹಾಗೆ. ದೊಡ್ಡವ್ವ ಅವರನ್ನು ದಾಟಿ ಗಾಡಿಯ ಹತ್ತಿರ ಹೋಗಿ, ಒಳಗಿನ ಹಲಗೆ ತೆಗೆದುಹಾಕಲು ಮಿಸ್ತ್ರಿಗೆ ಹೇಳಿದರು. ನೆಲ ಖಾಲಿಯಾಯಿತು. ಹಳೆಯ ಗುಲಾಬಿ ಗೆರೆ ಮಾಸಿ ಮಾಸಿ ಇನ್ನೂ ಇತ್ತು, ಅಲ್ಲಿ ಯಾರೋ ಬಹಳ ಹಿಂದೆ ಮಲಗಿ ಎದ್ದು ಹೋದ ಹಾಗೆ.

ದೊಡ್ಡವ್ವ ಚಪ್ಪಲಿ ಬಿಟ್ಟು ಒಳಗೆ ಹತ್ತಿದರು. ಆ ಗೆರೆಯ ಎದುರು ಬದಿಗೆ, ಸೀರೆಯ ನಿರಿಗೆಯನ್ನು ಕಾಲ ಕೆಳಗೆ ಒತ್ತಿಕೊಂಡು, ಸೆರಗು ಮುಖದ ಮೇಲೆ ಎಳೆದುಕೊಂಡು ಮಲಗಿದರು. ಮಿಸ್ತ್ರಿ ಸೀಮೆಸುಣ್ಣ ಹಿಡಿದು ಬಾಗಿಲವರೆಗೆ ಬಂದವರು ಅಲ್ಲಿಯೇ ನಿಂತರು. ತಟ್ಟನೆ ಬೆನ್ನು ತಿರುಗಿಸಿ, ಕೈ ಹಿಂದೆ ಚಾಚಿ ನನಗೆ ಅಂದರು: "ತೊಗೊಳವಾ ಖಡು. ಇದು ನಿನ್ನ ಕೆಲಸ."

ನಾನು ಮೊಣಕಾಲೂರಿ ದೊಡ್ಡವ್ವನ ಸುತ್ತ ಗೆರೆ ಎಳೆದೆ. ಹಿಮ್ಮಡಿಯಿಂದ ಹೊರಟು, ಮೊಣಕಾಲು, ಸೊಂಟ, ಮೊಳಕೈ, ಭುಜ. ಹೊರಗೆ ಯಾವುದೋ ಬಸ್ಸು ಹೋಯಿತು. ನಡುಹಗಲ ಬೆಳಕು ಗಾಡಿಯೊಳಗೆ ಧೂಳಿನ ಸಮೇತ ತೇಲುತ್ತಿತ್ತು. ಗೆರೆ ತಲೆಯ ಹತ್ತಿರ ಬಂದಾಗ ಸೆರಗಿನೊಳಗೆ ಅವರ ಕಣ್ಣು ತೆರೆದಿದ್ದವು. ಅವರು ಪಕ್ಕದ ಗೋಡೆಯನ್ನೇ ನೋಡುತ್ತಿದ್ದರು. ನಾನು ಅಳತೆ ಬರೆದುಕೊಳ್ಳಲಿಲ್ಲ. ಕೈ ಬರಲಿಲ್ಲ.

"ಇಲ್ಲಿ ಹಲಗಿ ಮ್ಯಾಲ ಮಕ್ಕೊಂಡ್ರೂ ಬರೇ ತಗಡ ಕಾಣತೈತಿ" ಎಂದರು ಮಲಗಿದಲ್ಲಿಂದ. "ಕಿಡಕಿ ಒಂದ ಮೊಳ ಕೆಳಗ ಬೇಕು."

ಮಿಸ್ತ್ರಿ ಬೆನ್ನು ತಿರುಗಿಸಿಕೊಂಡೇ ಸಂಕಟಪಟ್ಟರು. ಅಲ್ಲಿ ಗಾಡಿಯ ಕಬ್ಬಿಣದ ಪಕ್ಕೆಲುಬು ಇದೆ, ತಗಡು ಹೊಸದಾಗಿ ಕೊರೆಯಬೇಕು, ಇಡೀ ಬದಿ ಮತ್ತೆ ಕಟ್ಟಿದ ಹಾಗೆಯೇ ಎಂದರು. ಕಿಟಕಿ ಅಷ್ಟು ಕೆಳಗೆ ತಂದರೆ ಮಳೆಯ ನೀರು ಒಳಗೆ ಸಿಡಿಯುತ್ತದೆ ಎಂದರು.

"ಸಿಡೀಲಿ. ಮಳಿ ಹೆಂಗಿರ್ತೈತಿ ನಾನೂ ಮಕ್ಕೊಂಡು ನೋಡ್ತೇನಿ."

ದೊಡ್ಡಪ್ಪ ಬಾಗಿಲಿಗೆ ಬಂದು ನಿಂತಿದ್ದರು. ನೆಲದ ಮೇಲಿನ ಎರಡು ಗೆರೆಗಳನ್ನು ನೋಡಿದರು. ನಡುವೆ ಒಂದು ಅಡಿ, ಅಷ್ಟೆ. ಒಬ್ಬರು ಕೈ ಇಳಿಬಿಟ್ಟರೆ ಇನ್ನೊಬ್ಬರಿಗೆ ತಾಗುವಷ್ಟು.

"ಕೊರಿ, ಮೈಬೂಬ" ಎಂದರು.

ಪಟ್ಟಿ ಹೊಸದಾಗಿ ಬರೆದೆವು. ನೂರಾ ಒಂಬತ್ತು ಬಾಬು ಆಯಿತು. ದೊಡ್ಡವ್ವನ ಸೀರೆ ಐದು, ಮೊಣಕಾಲಿನ ಎಣ್ಣೆ ಎರಡು ಸೀಸೆ, ಒಂದು ಚೀಲ ಮಂಡಕ್ಕಿ. ದೊಡ್ಡಪ್ಪ ಬೇಡ ಎಂದ ಏಳು ವಸ್ತುಗಳನ್ನು ದೊಡ್ಡವ್ವ ಸೇರಿಸಿದರು, ದೊಡ್ಡವ್ವ ಬೇಡ ಎಂದ ಎರಡನ್ನು ದೊಡ್ಡಪ್ಪ ಸೇರಿಸಿ, ಅದರಲ್ಲಿ ಒಂದನ್ನು ಮರಳಿ ಇಳಿಸಿದರು. ಜಗಳವೂ ಆಯಿತು. ಇಷ್ಟು ವರ್ಷ ಅವರಿಬ್ಬರು ಎದುರಾಬದುರಾ ನಿಂತು ಜಗಳವಾಡಿದ್ದನ್ನು ನಾನು ನೋಡಿರಲಿಲ್ಲ. ವಾರದ ಒಂದು ರಜೆಯಲ್ಲಿ ಅದಕ್ಕೆಲ್ಲಿಯ ಪುರುಸೊತ್ತು?

ಹೊರಟದ್ದು ಒಂದು ಗುರುವಾರ, ಬೆಳಿಗ್ಗೆ ಏಳಕ್ಕೆ. ಓಣಿಯವರೆಲ್ಲ ಸೇರಿದ್ದರು. ದೊಡ್ಡವ್ವ ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಮತ್ತೆ ಇಳಿದು ಮನೆಯ ಬೀಗ ಎಳೆದು ನೋಡಿ, ಮತ್ತೆ ಕೂತರು. ಅವರಿಗೆ ಇನ್ನೂ ಅನುಮಾನವಿತ್ತು. ಹೊಂದಿಕೆಯಾಗದಿದ್ದರೆ ಸಿಂದಗಿಯಿಂದಲೇ ಬಸ್ಸು ಹಿಡಿದು ಬಂದುಬಿಡುತ್ತೇನೆ, ಮನೆಯ ಕಿಲ್ಲಿ ನಿನ್ನ ಹತ್ತಿರ ಇರಲಿ ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ಆ ದಿನ ಸಂಜೆಯವರೆಗೂ ಸಿಂದಗಿಯಿಂದ ಬಂದ ಒಂದೊಂದು ಬಸ್ಸಿನ ಸದ್ದಿಗೂ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಹನ್ನೊಂದು ಬಸ್ಸು ಬಂದವು. ಯಾವುದರಲ್ಲೂ ಅವರಿರಲಿಲ್ಲ.

ಮರುದಿನ ಫೋನಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ, ಭಾನುವಾರ, ಅವರು ಮರಳಿ ಬರಬೇಕಾದ ದಿನ. ಸಂಜೆ ನಾಲ್ಕೂವರೆಗೆ ನಾನು ಅವರ ಅಂಗಳ ಗುಡಿಸಿ ತುಳಸಿಗೆ ನೀರು ಹಾಕುತ್ತಿದ್ದಾಗ ಫೋನು ಬಂತು. ದೊಡ್ಡವ್ವ. ಅವರ ದನಿಯ ಹಿಂದೆ ಗಾಳಿ ಇತ್ತು.

ಕೊಲ್ಹಾರದಲ್ಲಿ, ನೀರಿನ ದಂಡೆಯಲ್ಲಿ ಇದ್ದರಂತೆ. ಎಲ್ಲವನ್ನೂ ಒಟ್ಟಿಗೆ ಹೇಳಿದರು. ಹೂವಿನ ಹಿಪ್ಪರಗಿ ದಾಟುವಾಗ ದೊಡ್ಡಪ್ಪ ಹಳೆಯ ಬಸ್ಸಿನ ರೂಢಿಯಂತೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರಂತೆ, ಮುದುಕಿಯೊಬ್ಬಳು ಬುಟ್ಟಿ ಸಮೇತ ಹತ್ತಿ ಹಾಸಿಗೆಯ ಮೇಲೆ ಕೂತು ಬಾಗೇವಾಡಿಗೆ ಒಂದು ಟಿಕೀಟು ಕೇಳಿದಳಂತೆ. ಅವಳಿಗೆ ಚಹಾ ಮಾಡಿ ಕೊಟ್ಟು ಬಾಗೇವಾಡಿಯಲ್ಲಿ ಇಳಿಸಿದರಂತೆ. ದೊಡ್ಡಪ್ಪ ಮಲಗಿದರೆ ಇಂಜಿನ್ನು ಬಿಸಿಯಾದ ಬಸ್ಸಿನ ಹಾಗೆ ಗೊರಕೆ ಹೊಡೆಯುತ್ತಾರಂತೆ. ಮನೆಯಲ್ಲಿ ಪಡಸಾಲೆಯಲ್ಲಿ ಮಲಗುತ್ತಿದ್ದವರದು ಇಷ್ಟು ಜೋರೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲವಂತೆ. ಮೊದಲ ದಿನ ದೊಡ್ಡವ್ವ ತಲೆದಿಂಬು ಎಸೆದರಂತೆ. ಎರಡನೆಯ ದಿನ ಕೈ ಚಾಚಿ ಮೂಗು ಹಿಡಿದರಂತೆ.

ಅತ್ತ ಕಡೆ ನೀರು ದಂಡೆಗೆ ಬಡಿಯುವ ಸದ್ದು, ಯಾವುದೋ ದೋಣಿಯವನು ಯಾರನ್ನೋ ಕೂಗುವುದು ಕೇಳಿಸುತ್ತಿತ್ತು. ಮನೆಗೆ ಎಷ್ಟು ಗಂಟೆಗೆ ಮುಟ್ಟುತ್ತೀರಿ, ಅನ್ನಕ್ಕೆ ಇಡಲೇ ಎಂದು ಕೇಳಿದೆ.

"ಇವತ್ತ ಬರೂದಿಲ್ಲವಾ. ಇನ್ನೊಂದು ನಾಕ ದಿನ ಇಲ್ಲೇ ಇರ್ತೇವಿ" ಎಂದರು ದೊಡ್ಡವ್ವ. ಆಮೇಲೆ ದನಿ ತಗ್ಗಿಸಿ, "ಅವ್ರಿಗಿ ಇನ್ನೂ ಹೇಳಿಲ್ಲ. ನೀರ ತರಾಕ ಹೋಗ್ಯಾರ."